ಕೆಸರಿನಲ್ಲಿ ಉಸಿರಾಡುವ ಬ್ಯಾಕ್ಟೀರಿಯಾ

ಚೆನ್ನೈನ ಟಿ. ನಗರವು 1920ರ ದಶಕದಲ್ಲಿ ಮಾಂಬಲದ ವಿಶಾಲವಾದ ಕೆರೆಯನ್ನು ಬರಿದುಮಾಡಿ ನಿರ್ಮಿಸಿದ ಬಡಾವಣೆ. ಕೆರೆ ಮರೆಯಾಯಿತು, ಆ ಭಾಗದ ನೀರನ್ನು ಅಡ್ಯಾರ್ ನದಿಗೆ ಒಯ್ಯುವ ಮಾಂಬಲಂ ಕಾಲುವೆ ಉಳಿದಿದೆ. ಚರಂಡಿ ನೀರು ಬೆರೆತ ಇಂತಹ ಕಾಲುವೆಗಳ ತಳದ ಕರಿಯ ಕೆಸರಿನಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಅಲ್ಲಿ ಅಸಂಖ್ಯಾತ ಬ್ಯಾಕ್ಟೀರಿಯಾಗಳು ಬಾಳುತ್ತವೆ.

ಉಸಿರಾಡುವ ಜೀವಿಯು ಆಹಾರದಿಂದ ಶಕ್ತಿ ಪಡೆಯುವಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳನ್ನು ಸ್ವೀಕರಿಸಲು ಮತ್ತೊಂದು ವಸ್ತು ಬೇಕು. ಮಾನವ ದೇಹದಲ್ಲಿ ಆಮ್ಲಜನಕವು ಈ ಕಾರ್ಯವನ್ನು ನಿರ್ವಹಿಸುತ್ತದೆ. ಅದು ದೊರೆಯದ ಕಡೆ ಕೆಲವು ಬ್ಯಾಕ್ಟೀರಿಯಾಗಳು ಕಬ್ಬಿಣ ಅಥವಾ ಮ್ಯಾಂಗನೀಸಿನ ಆಕ್ಸೈಡುಗಳನ್ನು ಆಶ್ರಯಿಸುತ್ತವೆ. ಆದರೆ ಇವು ಗಟ್ಟಿ ಕಣಗಳು, ಜೀವಕೋಶದ ಒಳಹೊಗಲಾರವು. ಆದುದರಿಂದ ಎಲೆಕ್ಟ್ರಾನುಗಳೇ ಹೊರಬರಬೇಕಾಗುತ್ತದೆ. ಮುಂದೆ ಜಿಯೋಬ್ಯಾಕ್ಟರ್ ಎಂದು ಹೆಸರಾದ ಇಂತಹ ಬ್ಯಾಕ್ಟೀರಿಯಾ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ದೊರೆತದ್ದು 1987ರಲ್ಲಿ ವರದಿಯಾಯಿತು. ಮರುವರ್ಷ ಒನೈಡಾ ಸರೋವರದ ಶೆವನೆಲ್ಲಾ ಬೆಳಕಿಗೆ ಬಂದಿತು.

ಕೋಶದ ಹೊದಿಕೆಯಲ್ಲಿರುವ ಸೈಟೋಕ್ರೋಮ್ ಎಂಬ ಪ್ರೋಟೀನುಗಳು ಈ ಸಾಗಣೆಗೆ ಆಧಾರ. ಇವುಗಳಲ್ಲಿ ಕಬ್ಬಿಣವುಳ್ಳ ಹೀಮ್ ಘಟಕಗಳಿವೆ. ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವುದೂ ಇದೇ ಬಗೆಯ ಘಟಕ. ಬೆಂಕಿ ಬಿದ್ದಲ್ಲಿ ಜನರು ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಎಲೆಕ್ಟ್ರಾನು ಒಂದು ಹೀಮಿನಿಂದ ಮತ್ತೊಂದಕ್ಕೆ ದಾಟುತ್ತ ಹೊರಬರುತ್ತದೆ. ಜಿಯೋಬ್ಯಾಕ್ಟರ್ ದೂರದ ಕಣಗಳಿಗೆ ಎಳೆಗಳನ್ನೇ ಚಾಚುತ್ತದೆ. ಅಂತಹ ಎಳೆಗಳು ಸೈಟೋಕ್ರೋಮುಗಳ ಸರಪಳಿಯೆಂದು 2019ರಲ್ಲಿ ತಿಳಿದುಬಂದಿತು. ಶೆವನೆಲ್ಲಾದ ಉಪಾಯ ಬೇರೆ. ಅದು ಸ್ರವಿಸುವ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವ, ದೋಣಿಯಂತೆ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುತ್ತದೆ.

ವಿನಿಮಯವು ವಿರುದ್ಧ ದಿಕ್ಕಿನಲ್ಲಿಯೂ ನಡೆಯುತ್ತದೆ. ನಾಗರಿಕರಿಗೆ ನಷ್ಟ ತರುವುದು ಇದೇ. ಆಮ್ಲಜನಕದ ಬದಲು ಸಲ್ಫೇಟನ್ನು ಬಳಸುವ ಬ್ಯಾಕ್ಟೀರಿಯಾಗಳು ಜಲಜನಕದ ಸಲ್ಫೈಡನ್ನು ಬಿಡುತ್ತವೆ. ಕೆಸರಿನ ಕೊಳೆತ ಮೊಟ್ಟೆಯ ವಾಸನೆ ಅದರದು. ಅದು ಕಬ್ಬಿಣದೊಡನೆ ಸೇರಿದಾಗ ಕೆಸರು ಕಪ್ಪಾಗುತ್ತದೆ. ಹೂತಿಟ್ಟ ಕಬ್ಬಿಣದ ಕೊಳವೆಗಳನ್ನೂ ಅದು ಕೊರೆಯುತ್ತದೆ. ಈ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಕಬ್ಬಿಣದಿಂದ ನೇರವಾಗಿಯೇ ಎಲೆಕ್ಟ್ರಾನುಗಳನ್ನು ಹೀರುತ್ತವೆಂದು 2004ರಲ್ಲಿ ವರದಿಯಾಯಿತು. ಗಾಳಿ ತಾಗದ ಮಣ್ಣಿನಲ್ಲಿ ತುಕ್ಕು ಹಿಡಿಯದೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಸಮುದ್ರದ ನೀರಿನಲ್ಲಿ ಸಲ್ಫೇಟು ಹೇರಳವಾಗಿರುವುದರಿಂದ ಕರಾವಳಿಯ ನಗರಗಳು ಹೆಚ್ಚು ಎಚ್ಚರ ವಹಿಸಬೇಕು. ಕೊಳವೆಗಳಿಗೆ ರಕ್ಷಕ ಲೇಪನ ಹಾಗೂ ಕ್ಯಾಥೋಡಿಕ್ ರಕ್ಷಣೆ ಒದಗಿಸುವುದು ರೂಢಿಯಲ್ಲಿರುವ ಕ್ರಮ.

ಕಬ್ಬಿಣದ ಕಣದ ಸ್ಥಾನದಲ್ಲಿ ಗ್ರಾಫೈಟ್ ಫಲಕವನ್ನಿಟ್ಟರೆ ಹೊರಬಂದ ಎಲೆಕ್ಟ್ರಾನುಗಳು ತಂತಿಯಲ್ಲಿ ವಿದ್ಯುತ್ತಾಗಿ ಹರಿಯುತ್ತವೆ, ಜೊತೆಗೆ ಕೊಳಚೆಯೂ ಕರಗುತ್ತದೆ. ಒಂದು ಕೋಶದಿಂದ ದೊರೆಯುವುದು ಸುಮಾರು ಅರ್ಧ ವೋಲ್ಟು ಮಾತ್ರ. ಟಾರ್ಚಿನ ಒಂದು ಶುಷ್ಕಕೋಶದ್ದು ಒಂದೂವರೆ. ಸದ್ಯಕ್ಕೆ ಈ ವಿಧಾನದಿಂದ ದೀಪಕ್ಕಿಂತ ನೀರಿನ ಶುದ್ಧೀಕರಣಕ್ಕೇ ಹೆಚ್ಚು ಪ್ರಯೋಜನವನ್ನು ನಿರೀಕ್ಷಿಸಬಹುದು.