ಮೇಜಿನ ಮೇಲೊಂದು ಎಡಕುಮೇರಿ

ಬಾಗಿಲು ತೆರೆದರೆ ಮೊದಲು ಬರುವುದು ವಾಸನೆ. ಕೊಯ್ದ ಪ್ಲೈವುಡ್ಡು, ಒಣಗುತ್ತಿರುವ ಫೆವಿಕಾಲ್, ಬೆಸುಗೆಯ ಹೊಗೆ ಮೂರೂ ಬೆರೆತ ವಾಸನೆ. ಬಸವನಗುಡಿಯ ಹಳೆಯ ಮನೆಯೊಂದರ ಮಹಡಿ ಮೇಲಿನ ಉದ್ದನೆಯ ಕೋಣೆ ಇದು. ಮೂರು ಗೋಡೆಗಳಿಗೂ ತಾಗಿದ ಮರದ ಚೌಕಟ್ಟುಗಳ ಮೇಲೆ, ಎದೆಮಟ್ಟಕ್ಕೆ, ಪಶ್ಚಿಮ ಘಟ್ಟ ನಿಂತಿದೆ. ಎಡಗಡೆಯ ಮೂಲೆಯಲ್ಲಿ ಘಟ್ಟ ಪೂರ್ತಿಯಾಗಿದೆ: ಕಪ್ಪು ಬಂಡೆ, ಬಂಡೆಯ ಮೈಮೇಲೆ ಜಿನುಗು ನೀರಿನ ಹೊಳಪು, ಪಾಚಿ, ಕಮರಿಯಿಂದ ಎದ್ದ ಕಾಂಕ್ರೀಟ್ ಕಂಬಗಳು, ಅವುಗಳ ಮೇಲೆ ಉಕ್ಕಿನ ತೊಲೆಗಳ ಸೇತುವೆ. ಬಲಕ್ಕೆ ಸರಿದಂತೆ ಕಾಡು ತೆಳುವಾಗುತ್ತದೆ. ಆಮೇಲೆ ಬರೀ ಪ್ಲಾಸ್ಟರಿನ ಬಿಳಿ ಗುಡ್ಡ. ಅದೂ ಮುಗಿದು ತಂತಿಬಲೆಯ ಹಂದರ. ಕೊನೆಗೆ ಪೆನ್ಸಿಲ್ ಗೆರೆ ಎಳೆದ ಬೋಳು ಹಲಗೆ. ಬೆಟ್ಟವೊಂದು ಹುಟ್ಟುವ ಬಗೆಯನ್ನು ಈ ಕೋಣೆಯ ಉದ್ದಕ್ಕೂ ನಡೆದೇ ನೋಡಬಹುದು.

ಭಾನುವಾರ ಹತ್ತು ಗಂಟೆಗೆಲ್ಲ ಎಲ್ಲರೂ ಸೇರುತ್ತಾರೆ. ಮನೆಯ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಚೌಕಟ್ಟು, ಮರಗೆಲಸ ಅವರದು. ರೈಲು ಇಂಜಿನ್ ಓಡಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ಅವರು ‘ಡ್ರೈವರ್ ಸಾರ್’. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನ ಟೆಕ್ನಿಷಿಯನ್ ಒಬ್ಬರು ಬಂಡೆಗಳನ್ನು ಮಾಡುತ್ತಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ಕಾಡಿನ ಒಡತಿ. ವೈರಿಂಗ್ ಎಲ್ಲ ಎಲೆಕ್ಟ್ರಾನಿಕ್ಸ್ ಓದಿದ ಹುಡುಗನ ಪಾಲಿಗೆ. ಸಕಲೇಶಪುರದ ಕಾಫಿ ತೋಟದ ಗೌಡರು ಬೆಂಗಳೂರಿಗೆ ಬಂದಾಗಲೆಲ್ಲ ತಪ್ಪದೆ ಬರುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ಸೆಂಟಿಮೀಟರ್ ಎತ್ತರದ ಮನುಷ್ಯರಿಗೆ ಬಣ್ಣ ಹಚ್ಚುತ್ತಾಳೆ. ಲುಂಗಿಯ ಅಂಚನ್ನೂ ಬಿಡುವುದಿಲ್ಲ. ಹಳೆಯ ಚಿತ್ರಗಳನ್ನು ಹುಡುಕುವುದು, ಅಳೆಯುವುದು, ಬರೆದಿಡುವುದು ನನ್ನ ಕೆಲಸ.

ಕಟ್ಟುತ್ತಿರುವುದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲು ಘಾಟಿಯ ಮಾದರಿ. ನಿಜದ್ದು ಸುಮಾರು 55 ಕಿ.ಮೀ. ಉದ್ದ, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ನಾವು ಹಿಡಿದಿರುವುದು ಎಚ್‌ಓ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆ ಇದೇ. ಈ ಲೆಕ್ಕದಲ್ಲಿ ಇಡೀ ಘಾಟಿಯನ್ನು ಮಾಡಹೊರಟರೆ 632 ಮೀಟರ್ ಉದ್ದದ ಹಳಿ ಬೇಕು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ಇರುವ ಸುಮಾರು 800 ಮೀಟರ್ ಎತ್ತರದ ವ್ಯತ್ಯಾಸ ತೋರಿಸಲು ಮೂರು ಮಹಡಿಯ ಕಟ್ಟಡವೇ ಬೇಕು. ಹಾಗಾಗಿ ಮೊದಲ ಕೆಲಸ ಬಿಡುವುದು. ಯಾವ ಸೇತುವೆ ಇರಲಿ, ಯಾವುದು ಬೇಡ? ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲುಗಳಲ್ಲಿ ಯಾವ ನಿಲ್ದಾಣ ಉಳಿಯಬೇಕು? ವಾರಗಟ್ಟಲೆ ವಾದ ನಡೆಯಿತು. ಗೌಡರಿಗೆ ದೋಣಿಗಲ್ ಬೇಕಿತ್ತು, ಅದು ಅವರ ಊರ ಮಗ್ಗುಲು. ಡ್ರೈವರ್ ಸಾರ್ ಎಡಕುಮೇರಿ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಕೊನೆಗೆ ಎಡಕುಮೇರಿ ನಿಂತಿತು, ಅದರ ಎರಡೂ ಕಡೆಗೆ ಒಂದೊಂದು ಸೇತುವೆ, ಮೂರು ಸುರಂಗ. ಉಳಿದ ದೂರವನ್ನೆಲ್ಲ ಸುರಂಗದ ಕತ್ತಲೆಗೆ ಒಪ್ಪಿಸಿದೆವು. ರೈಲು ಸುರಂಗ ಹೊಕ್ಕ ಮೇಲೆ ಬೆಟ್ಟದ ಹಿಂದಿನ ಮರೆಯ ಹಳಿಯಲ್ಲಿ ಒಂದೆರಡು ನಿಮಿಷ ನಿಂತು ಆಮೇಲೆ ಹೊರಬರುತ್ತದೆ. ನೋಡುವವರ ಮನಸ್ಸು ಅಷ್ಟರಲ್ಲಿ ಹಲವು ಕಿಲೋಮೀಟರ್ ದಾಟಿರುತ್ತದೆ. ಈ ಉಪಾಯ ಹಳೆಯದು, ಎಲ್ಲ ದೇಶಗಳ ಹವ್ಯಾಸಿಗಳೂ ಮಾಡುತ್ತಾರೆ. ಆದರೆ 57 ಸುರಂಗಗಳ ನಮ್ಮ ಘಾಟಿಗೆ ಅದು ಒಪ್ಪುವಷ್ಟು ಬೇರೆಲ್ಲೂ ಒಪ್ಪದು ಎಂದೇ ನನ್ನ ಎಣಿಕೆ.

ಅದಕ್ಕಿಂತ ದೊಡ್ಡ ತೀರ್ಮಾನ ಕಾಲದ್ದು. ಈಗ ಘಾಟಿಯಲ್ಲಿರುವುದು ಬ್ರಾಡ್‌ಗೇಜ್, ಹಳಿಗಳ ನಡುವೆ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಸಿಗಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ ಯುರೋಪು, ಅಮೆರಿಕಗಳ 1435 ಮಿ.ಮೀ. ಗೇಜಿನ ಲೆಕ್ಕಕ್ಕೆ ಮಾಡಿದ್ದು, 16.5 ಮಿ.ಮೀ. ಹೆಚ್ಚುಕಡಿಮೆ ಮೂರು ಮಿ.ಮೀ. ಕಡಿಮೆ. ಅಗಲವಾದ ನಮ್ಮ ಬೋಗಿಯನ್ನು ಅದರ ಮೇಲೆ ಇಟ್ಟರೆ, ಘಾಟಿಯನ್ನು ಬಲ್ಲ ಕಣ್ಣಿಗೆ ಏನೋ ಎಡವಟ್ಟಾಗಿರುವುದು ತಕ್ಷಣ ಕಾಣುತ್ತದೆ. ಆದರೆ ಹಾಸನ–ಮಂಗಳೂರು ಮಾರ್ಗ 1979ರಲ್ಲಿ ತೆರೆದಾಗ ಅದು ಮೀಟರ್‌ಗೇಜ್. ಒಂದು ಮೀಟರನ್ನು 87ರಿಂದ ಭಾಗಿಸಿದರೆ 11.5 ಮಿ.ಮೀ. ಸ್ವಿಟ್ಜರ್‌ಲೆಂಡಿನ ಪರ್ವತ ರೈಲುಗಳ ಮಾದರಿಗಾಗಿ 12 ಮಿ.ಮೀ. ಹಳಿ ಸಿದ್ಧವಾಗಿಯೇ ಸಿಗುತ್ತದೆ. ಅರ್ಧ ಮಿ.ಮೀ. ವ್ಯತ್ಯಾಸ ಕಣ್ಣಿಗೆ ತಾಗುವುದಿಲ್ಲ. ಹೀಗೆ ನಮ್ಮ ಘಾಟಿ 1980ರ ದಶಕಕ್ಕೆ ಹೋಯಿತು. ವೈಡಿಎಂ-4 ಡೀಸೆಲ್ ಇಂಜಿನ್, ಎರಡು ಬಫರುಗಳ ಬದಲು ನಡುವೆ ಒಂದೇ ಕೊಂಡಿಯಿರುವ ಬೋಗಿಗಳು. 1990ರ ದಶಕದಲ್ಲಿ ಆ ಹಳಿ ಮುಚ್ಚಿತು. ಬ್ರಾಡ್‌ಗೇಜ್ ಆಗಿ 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದವು.

ವೈಡಿಎಂ-4 ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಗಾಲಿ, ಮೋಟಾರು ಇರುವ ತಳವನ್ನು ಸ್ವಿಸ್ ಮಾದರಿಯೊಂದರಿಂದ ತೆಗೆದುಕೊಂಡು, ಮೇಲಿನ ಕವಚವನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆದದ್ದಾಯಿತು. ಪ್ರಿಂಟಾಗಿ ಬಂದದ್ದರ ಮೈಮೇಲೆ ಪದರಪದರವಾಗಿ ಗೆರೆಗಳಿರುತ್ತವೆ. ಅವನ್ನು ಉಜ್ಜಿ ಮಾಯಮಾಡಿ, ಕೈಹಿಡಿ ಕಂಬಿಗಳನ್ನು ಕೂದಲೆಳೆಯ ಹಿತ್ತಾಳೆ ತಂತಿಯಲ್ಲಿ ಬಾಗಿಸಿ ಕೂರಿಸುವ ಕೆಲಸಕ್ಕೆ ಹಲ್ಲಿನ ಲ್ಯಾಬಿನ ಡ್ರಿಲ್ಲೇ ಬೇಕಾಯಿತು.

ಬಂಡೆಗಳ ಮೇಜಿಗೆ ಬನ್ನಿ. ನನಗೆ ಇಡೀ ಕೋಣೆಯಲ್ಲಿ ಅತಿ ಪ್ರಿಯವಾದ ಜಾಗ ಇದು. ಗೌಡರು ತೋಟದ ಅಂಚಿನ ಬಂಡೆಗೆ ರಬ್ಬರ್ ಹಾಲನ್ನು ಪದರಪದರವಾಗಿ ಬಳಿದು, ನಡುನಡುವೆ ಬ್ಯಾಂಡೇಜ್ ಬಟ್ಟೆ ಸೇರಿಸಿ, ಒಣಗಿದ ಮೇಲೆ ಸುಲಿದು ತಂದ ಅಚ್ಚುಗಳು ಇಲ್ಲಿವೆ. ಅದರೊಳಗೆ ಹಲ್ಲಿನ ಅಚ್ಚಿಗೆ ಬಳಸುವ ಗಟ್ಟಿ ಪ್ಲಾಸ್ಟರ್ ಸುರಿಯುತ್ತಾರೆ. ಅಚ್ಚು ಬಿಡಿಸಿದಾಗ ಘಟ್ಟದ ಕಲ್ಲಿನ ಸೀಳು, ಬಿರುಕು ಎಲ್ಲ ಕೈಗೆ ಸಿಗುತ್ತದೆ. ಆಮೇಲೆ ಬಣ್ಣ. ಒಂದೇ ಬಳಿತ ಅಲ್ಲ, ತೀರಾ ನೀರು ಮಾಡಿದ ಕಪ್ಪು, ಮಣ್ಣುಗೆಂಪು, ಹಳದಿಗಳನ್ನು ಅಲ್ಲಲ್ಲಿ ಚುಕ್ಕಿ ಇಟ್ಟು, ಮೇಲಿಂದ ತೆಳುಗಪ್ಪನ್ನು ಇಳಿಬಿಟ್ಟರೆ ಅದು ಬಿರುಕುಗಳಿಗೆ ತಾನೇ ಇಳಿದು ನಿಲ್ಲುತ್ತದೆ. ನೀರು ಜಿನುಗುವ ಕಡೆ ಮಾತ್ರ ಹೊಳಪಿನ ವಾರ್ನಿಶ್. ಯಾವ ಕಡೆ ನೀರು ಜಿನುಗುತ್ತದೆ ಎಂದು ನಿರ್ಧರಿಸಲು ಮೇಲಿನ ಇಳಿಜಾರು, ಚರಂಡಿ, ಮರಗಳ ಜಾಗ ಎಲ್ಲವೂ ಮೊದಲೇ ಗೊತ್ತಿರಬೇಕು. ಇಲ್ಲಿ ಯಾವುದೂ ಬಿಡಿಬಿಡಿಯಾಗಿ ಆಗುವುದಿಲ್ಲ.

ಋತು ಯಾವುದಿರಲಿ ಎಂಬ ಪ್ರಶ್ನೆಯೂ ಹಾಗೆಯೇ ಬಂತು. ಆಷಾಢದಲ್ಲಿ ಘಾಟಿಯೆಂದರೆ ಮಂಜು. ಮಂಜನ್ನು ಮಾಡಲಾಗದು, ಮಾಡಿದರೂ ಉಳಿದದ್ದೇನೂ ಕಾಣದು. ಬೇಸಿಗೆಯಲ್ಲಿ ತೊರೆಗಳು ಸೊರಗುತ್ತವೆ. ಆಶ್ವಯುಜ ಎಂದು ತೀರ್ಮಾನವಾಯಿತು. ಮಳೆ ಹಿಂದೆ ಸರಿದಿದೆ, ಅಬ್ಬಿಗಳಲ್ಲಿ ಇನ್ನೂ ನೀರಿದೆ, ಹಸಿರಿಗೆ ಧೂಳು ಕೂತಿಲ್ಲ, ಬಿಸಿಲಿದೆ. ಕಮರಿಯ ತಳದ ತೊರೆಗೆ ರೆಸಿನ್ ಸುರಿಯುವುದು ತೆಳು ಪದರಗಳಲ್ಲಿ. ಒಮ್ಮೆಗೇ ದಪ್ಪಗೆ ಸುರಿದರೆ ಅದು ಬಿಸಿಯಾಗಿ ಬಿರಿಯುತ್ತದೆ.

ಕಾಡಿನ ವಿಷಯದಲ್ಲಿ ಮೇಡಂ ಅವರದು ಕಟ್ಟುನಿಟ್ಟು. “ಹಸಿರು ಉಂಡೆ ಅಂಟಿಸಿ ಮರ ಅನ್ನಬೇಡಿ. ಇದು ಯಾವ ಮರ, ನನಗೆ ಹೇಳಿ,” ಎಂದು ಮೊದಲ ದಿನವೇ ಹೇಳಿದವರು ಅವರು. 30 ಮೀಟರಿನ ಮರ 87ರ ಅಳತೆಯಲ್ಲಿ 34 ಸೆಂಟಿಮೀಟರ್ ಇರಬೇಕು. ಪಕ್ಕದ ಬೋಗಿ ನಾಲ್ಕು ಸೆಂಟಿಮೀಟರೂ ಎತ್ತರವಿರುವುದಿಲ್ಲ. ಹೆಚ್ಚಿನ ಮಾದರಿಗಳಲ್ಲಿ ಕಾಡು ತೋಟವಾಗಿ ಕಾಣುವುದು ಇಲ್ಲಿಯೇ, ಮರಗಳನ್ನು ರೈಲಿನ ಎತ್ತರಕ್ಕೆ ಇಳಿಸಿಬಿಡುತ್ತಾರೆ. ನಮ್ಮಲ್ಲಿ ರೈಲು ಮರಗಳ ಬುಡದಲ್ಲಿ ಹೋಗುತ್ತದೆ. ಹಳೆಯ ಕೇಬಲ್ಲಿನ ತಾಮ್ರದ ತಂತಿಗಳನ್ನು ಹುರಿಮಾಡಿ ಕಾಂಡ, ಒಂದೊಂದೇ ಎಳೆ ಬಿಡಿಸಿ ಕೊಂಬೆ, ಮೇಲೆ ಫೆವಿಕಾಲ್–ಮರದಹೊಟ್ಟಿನ ಲೇಪ, ತುದಿಗಳಿಗೆ ತೆಂಗಿನ ನಾರು, ನಾರಿನ ಮೇಲೆ ಮಿಕ್ಸಿಯಲ್ಲಿ ಅರೆದು ಬಣ್ಣ ಹಾಕಿದ ಸ್ಪಂಜಿನ ಪುಡಿ. ಬೈನೆ ಮರದ ಜೋತುಬಿದ್ದ ಗರಿಗಳನ್ನು ಕಾಗದದಲ್ಲಿ ಕತ್ತರಿಸುತ್ತಾರೆ. ಒಂದು ಬೈನೆಗೆ ಒಂದು ಭಾನುವಾರ ಬೇಕು. ಒಣಗಿದ ಎಲೆಗಳನ್ನು ಪುಡಿಮಾಡಿ ಚೆಲ್ಲಿದ ನೆಲ ನಿಜವಾದ ಕಾಡಿನ ನೆಲವೇ.

ಹುಲ್ಲಿಗೆ ಸೊಳ್ಳೆ ಬ್ಯಾಟು ಬಂತು. ಹುಲ್ಲು ನಿಲ್ಲಿಸಲೆಂದೇ ವಿದೇಶದಲ್ಲಿ ದುಬಾರಿ ಬೆಲೆಗೆ ಸಿಗುವ ಉಪಕರಣದ ತತ್ವ ಇಷ್ಟೇ: ಹೆಚ್ಚಿನ ವೋಲ್ಟೇಜಿನ ವಿದ್ಯುತ್ತು ಹಾಯ್ದರೆ ನೈಲಾನ್ ಎಳೆಗಳು ಹಸಿ ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ನಮ್ಮ ಹುಡುಗ ಸೊಳ್ಳೆ ಬ್ಯಾಟಿನ ಸರ್ಕ್ಯೂಟನ್ನು ಬಿಚ್ಚಿ, ಉಕ್ಕಿನ ಚಹಾ ಸೋಸುವ ಜಾಲರಿಗೆ ಜೋಡಿಸಿದ. ಜಾಲರಿ ಅಲ್ಲಾಡಿಸಿದರೆ ಇಳಿಜಾರಿನ ಮೇಲೆ ಹುಲ್ಲು ಎದ್ದು ನಿಲ್ಲುತ್ತದೆ. ಬಂದವರೆಲ್ಲ ಮತ್ತೊಮ್ಮೆ ಮಾಡಿ ತೋರಿಸಿ ಎನ್ನುತ್ತಾರೆ. ಗೌಡರು ಚೀಲದಲ್ಲಿ ತರುವ ಮಣ್ಣನ್ನು ಬಿಸಿಲಿಗೆ ಹಾಕಿ, ಜರಡಿ ಹಿಡಿದು, ಅದರೊಳಗೆ ಅಯಸ್ಕಾಂತ ಆಡಿಸುವುದು ಹುಡುಗಿಯ ಕೆಲಸ. ಮಣ್ಣಿನಲ್ಲಿ ಕಬ್ಬಿಣದ ಕಣ ಉಳಿದರೆ ಇಂಜಿನ್ನಿನ ಮೋಟಾರು ಅದನ್ನು ಎಳೆದುಕೊಂಡು ಕೆಡುತ್ತದೆ.

ಎಡಕುಮೇರಿಗೆ ಬಂದವರು ಕೇಳುವ ಮೊದಲ ಪ್ರಶ್ನೆ, “ರಸ್ತೆ ಎಲ್ಲಿ?” ರಸ್ತೆ ಇಲ್ಲ. ನಿಜದ ಎಡಕುಮೇರಿ ನಿಲ್ದಾಣಕ್ಕೂ ರಸ್ತೆಯಿಲ್ಲ. ಅಲ್ಲಿನ ಸಿಬ್ಬಂದಿಗೆ ಅಕ್ಕಿ, ತರಕಾರಿ ಬರುವುದೂ ರೈಲಿನಲ್ಲೇ. ಮಾದರಿ ಮಾಡುವವರಿಗೆ ಮೂಲೆಯಲ್ಲೊಂದು ಕೆಂಪು ಬಸ್ಸು, ಒಂದು ಚಹಾದಂಗಡಿ ಇಡುವ ಆಸೆ ಸದಾ ಇರುತ್ತದೆ. ಇಲ್ಲಿ ಅವನ್ನು ಇಡದಿರುವುದೇ ಸರಿ. ಪ್ಲಾಟ್‌ಫಾರ್ಮಿನಲ್ಲಿ ಬೋಗಿಯಿಂದ ಚೀಲ ಇಳಿಸಿಕೊಳ್ಳುವ ಒಬ್ಬ ಮನುಷ್ಯ, ಹಸಿರು ಬಾವುಟ ಹಿಡಿದ ಇನ್ನೊಬ್ಬ, ಅಷ್ಟೇ.

ಹಲಗೆಯ ಕೆಳಗೆ ಬಗ್ಗಿದರೆ ಬೇರೆಯೇ ಲೋಕ. ಉದ್ದಕ್ಕೂ ದಪ್ಪನೆಯ ಎರಡು ತಂತಿ, ಅದರಿಂದ ಪ್ರತಿ ಹಳಿತುಂಡಿಗೂ ತೆಳು ತಂತಿಗಳು. ಹಿಂದೆ ಹಳಿಗೆ ಎಷ್ಟು ವಿದ್ಯುತ್ತು ಕೊಟ್ಟರೆ ಅಷ್ಟು ವೇಗ. ಒಂದೇ ಹಳಿಯಲ್ಲಿ ಎರಡು ಇಂಜಿನ್ ಇದ್ದರೆ ಎರಡೂ ಒಟ್ಟಿಗೆ ಹೊರಡುತ್ತಿದ್ದವು. ಈಗಿನ ಡಿಸಿಸಿ ಪದ್ಧತಿಯಲ್ಲಿ ಹಳಿಯಲ್ಲಿ ಸದಾ ವಿದ್ಯುತ್ತು ಇರುತ್ತದೆ, ಆಜ್ಞೆಯೂ ಅದರಲ್ಲೇ ಹರಿಯುತ್ತದೆ. ಪ್ರತಿ ಇಂಜಿನ್ನಿಗೂ ಒಂದು ನಂಬರು. ತನ್ನ ನಂಬರು ಬಂದರೆ ಮಾತ್ರ ಅದು ಕೇಳುತ್ತದೆ. ಭಾರದ ಗಾಡಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಜೋಡಿಸಲು ಸಾಧ್ಯವಾದದ್ದು ಇದರಿಂದಲೇ. ಆದರೆ ಎರಡರ ವೇಗ ಒಂದೇ ಆಗುವಂತೆ ಹೊಂದಿಸದಿದ್ದರೆ, ತಿರುವಿನಲ್ಲಿ ನಡುವಿನ ಹಗುರ ಬೋಗಿಗಳು ಹಿಂಡಿಸಿಕೊಂಡು ಹೊರಗೆ ಹಾರುತ್ತವೆ.

ವೇಗದ ವಿಷಯದಲ್ಲಿ ಡ್ರೈವರ್ ಸಾರ್ ಹೇಳಿದ್ದೇ ಕೊನೆ. ಘಾಟಿಯಲ್ಲಿ ಗಂಟೆಗೆ 30 ಕಿ.ಮೀ. ಎಂದರೆ ನಮ್ಮ ಮೇಜಿನ ಮೇಲೆ ಸೆಕೆಂಡಿಗೆ ಹತ್ತು ಸೆಂಟಿಮೀಟರಿಗೂ ಕಡಿಮೆ. ಹೊಸಬರಿಗೆ ಸಹನೆ ತಪ್ಪುತ್ತದೆ. “ಅವಸರ ಮಾಡಬೇಡ ಮಗು,” ಎಂದು ಅವರು ಹುಡುಗಿಯ ಕೈಯಲ್ಲಿರುವ ಕಂಟ್ರೋಲಿನ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತಾರೆ. “ಹತ್ತುವಾಗ ಇಂಜಿನ್ ದುಡಿಯುತ್ತೆ. ಇಳಿಯುವಾಗ ಡ್ರೈವರ್ ದುಡೀಬೇಕು.” ಇಳಿಜಾರಿನ ತುದಿಯಲ್ಲಿ ಕ್ಯಾಚ್ ಸೈಡಿಂಗ್ ಬೇಕೇ ಬೇಕು ಎಂದವರೂ ಅವರೇ. ಬ್ರೇಕ್ ತಪ್ಪಿದ ಗಾಡಿ ಮುಖ್ಯ ಹಳಿ ಬಿಟ್ಟು ಕಡಿದಾದ ಏರಿನ ಆ ಕವಲಿಗೆ ನುಗ್ಗಿ ತಾನೇ ನಿಲ್ಲುತ್ತದೆ. ಇಳಿಯುವ ಗಾಡಿ ಮೊದಲು ನಿಲ್ಲಬೇಕು, ಆಮೇಲಷ್ಟೇ ಪಾಯಿಂಟು ಮುಖ್ಯ ಹಳಿಗೆ ತಿರುಗುತ್ತದೆ. ಪಾಯಿಂಟು ತಿರುಗಿಸುವ ನಮ್ಮ ಸರ್ವೋ ಮೋಟಾರೂ ಹಾಗೆಯೇ ಕೆಲಸ ಮಾಡುತ್ತದೆ. ನೋಡಲು ಬಂದವರಲ್ಲಿ ಇದನ್ನು ಗಮನಿಸುವವರು ವಿರಳ. ಗಮನಿಸಿದವರ ಜೊತೆ ಡ್ರೈವರ್ ಸಾರ್ ಗಂಟೆಗಟ್ಟಲೆ ಮಾತಾಡುತ್ತಾರೆ.

ಇಂಥ ಕೆಲಸಕ್ಕೆ ದೊಡ್ಡ ಪರಂಪರೆಯಿದೆ. ಪುಣೆಯಲ್ಲಿ ಬಿ.ಎಸ್. ಜೋಶಿಯವರ ಜೀವಮಾನದ ಹವ್ಯಾಸ 1998ರಲ್ಲಿ ಕಿರು ರೈಲುಗಳ ಸಂಗ್ರಹಾಲಯವಾಗಿ ತೆರೆಯಿತು. ಹ್ಯಾಂಬರ್ಗಿನಲ್ಲಿ 2001ರಲ್ಲಿ ಆರಂಭವಾದ ಮಿನಿಯಾಟುರ್ ವುಂಡರ್‌ಲಾಂಡ್ ನೋಡಲು ಇಂದು ಜಗತ್ತೇ ಹೋಗುತ್ತದೆ. ನನ್ನ ಮನಸ್ಸು ಮಾತ್ರ ಮತ್ತೆಮತ್ತೆ ಹೋಗುವುದು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್ ಕಡೆಗೆ. ಮಾದರಿ ರೈಲಿಗೆ ಧೂಳು, ತುಕ್ಕು, ಮಾಸಿದ ಬಣ್ಣ ಹಚ್ಚುವುದನ್ನು ಕಲೆಯ ಮಟ್ಟಕ್ಕೆ ಏರಿಸಿದವರು, ತಮ್ಮ ಮನೆಯ ನೆಲಮಾಳಿಗೆಯಲ್ಲಿ ನೆಲದಿಂದ ಸೂರಿನವರೆಗೆ ಬೆಟ್ಟಗಳನ್ನು ಎಬ್ಬಿಸಿದವರು. 1973ರ ಜನವರಿಯಲ್ಲಿ ಅವರು ತೀರಿಕೊಂಡ ಹತ್ತೇ ದಿನಕ್ಕೆ ಅದೆಲ್ಲ ಬೆಂಕಿಗೆ ಆಹುತಿಯಾಯಿತು. ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದ ಅಲೆನ್ ತೆಗೆದ ಚಿತ್ರಗಳಿಂದಲೇ ಇಂದಿನವರೂ ಆ ಲೋಕವನ್ನು ಬಲ್ಲರು.

ನಮ್ಮ ಘಾಟಿಗೂ ಚಿತ್ರಗಳೇ ಆಧಾರ. ಹಳಿಯ ಮೇಲೆ ನಡೆದು ಅಳೆಯುವಂತಿಲ್ಲ, ಅದು ನಿಷಿದ್ಧ, ಅಪಾಯವೂ ಹೌದು. ಇವತ್ತು ರೈಲಿನ ಕಿಟಕಿಯಿಂದ ಕಮರಿ, ಬಂಡೆಗಳನ್ನು ನೋಡಬಹುದು. ಮೀಟರ್‌ಗೇಜಿನ ಕಾಲವನ್ನು ನೋಡಲಾಗದು. ಹಳೆಯ ಫೋಟೋದಲ್ಲಿ ಹಳಿ ಕಂಡರೆ ಸಾಕು, ಎರಡು ಹಳಿಗಳ ನಡುವಿನ ಒಂದು ಮೀಟರೇ ನಮ್ಮ ಅಳತೆಗೋಲು. ಅದರಿಂದ ಕಂಬದ ದಪ್ಪ, ಕಿಟಕಿಯ ಅಗಲ, ಸುರಂಗದ ಬಾಯಿಯ ಎತ್ತರ ಎಲ್ಲವನ್ನೂ ಲೆಕ್ಕ ಹಾಕಬಹುದು. ಬಲಗಡೆಯ ಬೋಳು ಹಲಗೆ ಇನ್ನೂ ಬೋಳಾಗಿರುವುದು ಅಂಥ ಚಿತ್ರಗಳು ಸಾಲದ್ದರಿಂದ.

1979ರಿಂದ ಆ ಹಳಿ ಮುಚ್ಚುವವರೆಗೆ ಸಾವಿರಾರು ಕುಟುಂಬಗಳು ಮಂಗಳೂರಿಗೆ, ಸುಬ್ರಹ್ಮಣ್ಯಕ್ಕೆ, ಹಾಸನಕ್ಕೆ ಆ ಗಾಡಿಯಲ್ಲಿ ಹೋಗಿವೆ. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಅಜ್ಜಿಯೋ ಚಿಕ್ಕಪ್ಪನೋ ಆ ರೈಲಿನ ಬಾಗಿಲಲ್ಲಿ, ಆ ಪ್ಲಾಟ್‌ಫಾರ್ಮಿನಲ್ಲಿ ನಿಂತ ಚಿತ್ರವಿದ್ದರೆ ದಯವಿಟ್ಟು ಎಸೆಯಬೇಡಿ. ಹಿಂದೆ ಊರು, ವರ್ಷ ಬರೆದು, ಒಂದು ಸ್ಕ್ಯಾನ್ ಮಾಡಿಸಿಡಿ. ಮಾದರಿ ಕಟ್ಟುವವರು, ರೈಲಿನ ಇತಿಹಾಸ ಹುಡುಕುವವರು ಬಂದು ಕೇಳಿದಾಗ ತೋರಿಸಿ. ಮಸುಕಾಗಿದೆ, ತಲೆ ಕತ್ತರಿಸಿಹೋಗಿದೆ ಎಂದು ಸಂಕೋಚಪಡಬೇಡಿ. ಅವರ ಬೆನ್ನ ಹಿಂದೆ ಕಾಣುವ ಕಂಬ, ಕಿಟಕಿ, ನಾಮಫಲಕಗಳೇ ನಮಗೆ ಬೇಕಾದವು.