ಶಿರಿಯದ ದಂಡೆಯಲ್ಲಿ ಕೇಳಿದ ಹಳೆಯ ಹಾಡುಗಳು

ಹಳೆಯ ಹಾಡು ಎಂದರೆ ಯಾವುದು? ಇಸವಿ ನೋಡಿ ಹೇಳುವುದಾದರೆ ಉತ್ತರ ಸುಲಭ. ಆದರೆ ನಮ್ಮಂಥ ಸಾಮಾನ್ಯ ಕೇಳುಗರು ಹಾಡಿನ ವಯಸ್ಸನ್ನು ಇಸವಿಯಿಂದ ಅಳೆಯುವವರಲ್ಲ. ಕಾದು ಕುಳಿತು ಕೇಳಿದ್ದು ಹಳೆಯ ಹಾಡು, ಬೇಕೆಂದಾಗ ಕೈಗೆ ಸಿಕ್ಕಿದ್ದು ಹೊಸ ಹಾಡು. ಇದು ನನ್ನ ಲೆಕ್ಕ. ಒಮ್ಮೆ ರೇಡಿಯೋದಲ್ಲಿ ಬಂದು ಹೋದ ಹಾಡು ಮತ್ತೆ ಎಂದು ಬರುವುದೋ ಯಾರಿಗೂ ತಿಳಿಯದ ಕಾಲ ಅದು. ಆದುದರಿಂದ ಬಂದಾಗಲೇ ಮನಸ್ಸಿಗೆ ಇಳಿಸಿಕೊಳ್ಳಬೇಕಾಗಿತ್ತು. ಹಾಗೆ ಇಳಿದ ಕೆಲವು ಹಾಡುಗಳು 60 ವರ್ಷಗಳ ಬಳಿಕವೂ ಒಂದಕ್ಷರ ತಪ್ಪದೆ ನೆನಪಿನಲ್ಲಿವೆ. ನಿನ್ನೆ ಮೊಬೈಲಿನಲ್ಲಿ ಕೇಳಿದ್ದು ಇಂದು ನೆನಪಿಲ್ಲ.

ಎರಡು ದಿಕ್ಕಿನ ಗಾಳಿ

ಕರ್ನಾಟಕದ ಕಾಡಿನಲ್ಲಿ ಹುಟ್ಟಿದ ಹೊಳೆ ನಮ್ಮೂರಿನ ಹೆಸರು ಹೊತ್ತು ಕುಂಬಳೆಯ ಅಳಿವೆಯ ಕಡೆಗೆ ಹರಿದು ಸಮುದ್ರ ಸೇರುತ್ತದೆ. ದಕ್ಷಿಣಕ್ಕೆ ಕುಂಬಳೆ, ಯಕ್ಷಗಾನದ ಪಾರ್ತಿಸುಬ್ಬನ ಊರು. ಉತ್ತರಕ್ಕೆ ಉಪ್ಪಳ, ಅದರಾಚೆ ಗೋವಿಂದ ಪೈಗಳ ಮಂಜೇಶ್ವರ. ಇಂಥ ಸ್ಥಳದಲ್ಲಿ ರೇಡಿಯೋದ ಮುಳ್ಳನ್ನು ಒಂದಿಷ್ಟು ತಿರುಗಿಸಿದರೆ ಸಾಕು, ಭಾಷೆ ಬದಲಾಗುತ್ತಿತ್ತು. ಕಲ್ಲಿಕೋಟೆ ನಿಲಯ 1950ರಲ್ಲಿ ಆರಂಭವಾದುದು. ಅದೇ ವರ್ಷ ಧಾರವಾಡ, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ. ಹಗಲಿನಲ್ಲಿ ಕಲ್ಲಿಕೋಟೆಯ ಮಲಯಾಳವೇ ನಮಗೆ ಗಟ್ಟಿ. ಮಧ್ಯಮ ತರಂಗಗಳು ಉಪ್ಪುನೀರಿನ ಮೇಲೆ ಒಣನೆಲಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಕರಾವಳಿಯ ನಿಲಯ ಕರಾವಳಿಯವರಿಗೆ ಚೆನ್ನಾಗಿ ಕೇಳಿಸುವುದು ಅದರಿಂದ. ಘಟ್ಟದ ಮೇಲಿನ ಕನ್ನಡ ಬರಬೇಕಾದರೆ ಕತ್ತಲೆಯಾಗಬೇಕು. ಹಗಲು ಈ ತರಂಗಗಳನ್ನು ನುಂಗುವ ವಾಯುಮಂಡಲದ ಕೆಳಪದರ ರಾತ್ರಿ ಕರಗಿಹೋಗುತ್ತದೆ. ಆಗ ತರಂಗಗಳು ಅದಕ್ಕೂ ಮೇಲಿನ ಪದರಕ್ಕೆ ಬಡಿದು ದೂರದ ಊರುಗಳಿಗೆ ಇಳಿಯುತ್ತವೆ. ಈ ವಿಜ್ಞಾನ ನಮಗೆ ಆಗ ಗೊತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಕನ್ನಡ ಬರುತ್ತದೆ ಎಂಬಷ್ಟೇ ಗೊತ್ತಿತ್ತು.

ಇವೆರಡರ ನಡುವೆ ಸಿಲೋನ್. ಆಕಾಶವಾಣಿ 1950ರ ದಶಕದಲ್ಲಿ ಚಲನಚಿತ್ರ ಗೀತೆಗಳನ್ನು ಹತ್ತಿರ ಸೇರಿಸದಿದ್ದಾಗ ಆ ಜಾಗವನ್ನು ತುಂಬಿದ್ದು ಕೊಲಂಬೋದ ನಿಲಯ. 1952ರಲ್ಲಿ ಆರಂಭವಾದ 'ಬಿನಾಕಾ ಗೀತಮಾಲಾ'ಕ್ಕಾಗಿ ಬುಧವಾರ ರಾತ್ರಿ 8 ಗಂಟೆಗೆ ಊಟ ಮುಗಿಸಿ ಕೂರುವವರು ನಮ್ಮ ಕಡೆಯೂ ಇದ್ದರು. ಮೊದಲು ಸಹೋದರಿಯರನ್ನು, ಆಮೇಲೆ ಸಹೋದರರನ್ನು ಸಂಬೋಧಿಸುವ ಅಮೀನ್ ಸಯಾನಿಯವರ ಹಿಂದಿಯನ್ನು ಅರ್ಥವಾಗದಿದ್ದರೂ ಕೇಳುತ್ತಿದ್ದರು. ಅವರು 2024ರಲ್ಲಿ ತೀರಿಕೊಂಡರೆಂದು ಪತ್ರಿಕೆಯಲ್ಲಿ ಓದಿದಾಗ, ಹಿಂದಿ ಬಾರದ ನಾವು ನಾಲ್ಕೈದು ಮಂದಿ ಬಂದ್ಯೋಡಿನ ಹೋಟೆಲಿನಲ್ಲಿ ಚಹಾ ತಣಿಯುವವರೆಗೆ ಅವರ ಮಾತನ್ನೇ ಆಡಿದೆವು. ಆಕಾಶವಾಣಿ 1957ರ ಅಕ್ಟೋಬರ್ 3ರಂದು 'ವಿವಿಧ ಭಾರತಿ'ಯನ್ನು ಆರಂಭಿಸಿದ್ದು ಇಂಥ ಕೇಳುಗರನ್ನು ಮರಳಿ ಕರೆಯಲಿಕ್ಕಾಗಿಯೇ.

ಬೀಡಿಯ ಗೆರಸೆಯ ಮುಂದೆ

ಹಾಡು ಕೇಳಲು ಪುರುಸೊತ್ತು ಬೇಕು ಎನ್ನುತ್ತಾರೆ. ನಾನು ಕಂಡಂತೆ ಅತಿ ಹೆಚ್ಚು ಹಾಡು ಕೇಳಿದವರು ಒಂದು ಗಳಿಗೆಯೂ ಪುರುಸೊತ್ತಿಲ್ಲದ ಬೀಡಿ ಕಟ್ಟುವ ಹೆಂಗಸರು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಸಾವಿರದ ಲೆಕ್ಕ ಒಪ್ಪಿಸಬೇಕು. ಕೈಗೆ ಬಿಡುವಿಲ್ಲ, ಕಣ್ಣಿಗೂ ಇಲ್ಲ. ಬಿಡುವಿದ್ದುದು ಕಿವಿಗೆ ಮಾತ್ರ. ಮಧ್ಯಾಹ್ನ ನಮ್ಮ ಜಗಲಿಯಲ್ಲಿ ನೆರೆಕರೆಯ ಐದಾರು ಮಂದಿ ಗೆರಸೆ ಹಿಡಿದು ಕೂರುತ್ತಿದ್ದರು. ನಡುವೆ ಒಂದು ಟ್ರಾನ್ಸಿಸ್ಟರ್. ಬ್ಯಾಟರಿ ದುರ್ಬಲವಾದರೆ ತೆಗೆದು ಬಿಸಿಲಿಗೆ ಇಟ್ಟು, ಇನ್ನೆರಡು ದಿನ ದೂಡುವುದು.

ಆ ಜಗಲಿಯ ಮನೆಮಾತುಗಳನ್ನು ಎಣಿಸಿದರೆ ತುಳು, ಮಲಯಾಳ, ಬ್ಯಾರಿ, ಕೊಂಕಣಿ. ಕನ್ನಡವನ್ನು ಮನೆಯಲ್ಲಿ ಆಡುವವರು ಅಲ್ಲಿ ಯಾರೂ ಇರಲಿಲ್ಲ. ಕನ್ನಡ ಶಾಲೆಯ ಮಾತು, ಯಕ್ಷಗಾನದ ಮಾತು, ಕಾಗದ ಬರೆಯುವ ಮಾತು. ನಮ್ಮ ದೊಡ್ಡಮ್ಮ ಶಾಲೆಗೆ ಹೋದದ್ದು ಎರಡನೇ ಇಯತ್ತೆಯವರೆಗೆ. ಆದರೂ ಮದುವೆ ಮನೆಯಲ್ಲಿ ಘಟ್ಟದ ಮೇಲಿನ ನೆಂಟರು ಬಂದಾಗ ಅವರು ಆಡುತ್ತಿದ್ದ ಕನ್ನಡ ಅಚ್ಚುಕಟ್ಟಾಗಿತ್ತು. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ, "ಜಾನಕಿ ಕಲಿಸಿದ್ದು" ಎನ್ನುತ್ತಿದ್ದರು. ಯಾವ ಜಾನಕಿ ಟೀಚರು ಎಂದು ನೆಂಟರು ಬೆರಗಾಗುತ್ತಿದ್ದರು. ಟೀಚರಲ್ಲ, ಎಸ್. ಜಾನಕಿ.

ದೊಡ್ಡಮ್ಮನಿಗೆ ಇಷ್ಟವಾದುದು 1977ರ 'ಸನಾದಿ ಅಪ್ಪಣ್ಣ'ದ ಹಾಡು. ಜಿ.ಕೆ. ವೆಂಕಟೇಶರ ಸಂಗೀತ, ಸ್ವತಃ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ. ಆ ಶಹನಾಯಿಯ ಸುರುಳಿಗಳ ಹಿಂದೆ ಹಿಂದೆಯೇ ಜಾನಕಿಯವರ ಕಂಠ ಏರಿ ಇಳಿಯುವಾಗ ಜಗಲಿಯಲ್ಲಿ ಕತ್ತರಿಯ ಸದ್ದು ನಿಲ್ಲುತ್ತಿತ್ತು. ಹಾಡು ಮುಗಿದ ಮೇಲೆ ಆ ಮೂರು ನಾಲ್ಕು ನಿಮಿಷದ ನಷ್ಟವನ್ನು ತುಂಬಲು ಎಲ್ಲರೂ ಅವಸರವಸರವಾಗಿ ಕೈ ಓಡಿಸುತ್ತಿದ್ದರು. ಕೂಲಿ ಬೀಡಿಯ ಲೆಕ್ಕದ್ದು. ನಿಲ್ಲಿಸಿದ ಕೈಗೆ ಅಷ್ಟು ಕೂಲಿ ಕಡಿಮೆ. ಒಂದು ಹಾಡಿಗೆ ಸಲ್ಲಬಹುದಾದ ಮರ್ಯಾದೆ ಇದಕ್ಕಿಂತ ದೊಡ್ಡದು ನನಗೆ ತಿಳಿಯದು.

ಹಾಡಿದವರು ಯಾರು?

ಈಗ ಒಂದು ವಿಚಾರ. ನಮಗೆ ಇಷ್ಟು ಒಳ್ಳೆಯ ಕನ್ನಡವನ್ನು ಕೇಳಿಸಿದವರ ಮನೆಮಾತು ಯಾವುದು? ಜಾನಕಿ 1938ರಲ್ಲಿ ಆಂಧ್ರದ ಗುಂಟೂರು ಸೀಮೆಯಲ್ಲಿ ಹುಟ್ಟಿದವರು. ಪಿ. ಸುಶೀಲಾ 1935ರಲ್ಲಿ ವಿಜಯನಗರಂನಲ್ಲಿ. 1960ರ 'ಭಕ್ತ ಕನಕದಾಸ'ದಿಂದ ಮೊದಲ್ಗೊಂಡು ಎಷ್ಟೋ ವರ್ಷ ರಾಜಕುಮಾರರ ಹಾಡಿನ ಕಂಠವೇ ಆಗಿದ್ದ ಪಿ.ಬಿ. ಶ್ರೀನಿವಾಸ್ 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದವರು. 1974ರ 'ಸಂಪತ್ತಿಗೆ ಸವಾಲ್' ಬಳಿಕ ರಾಜಕುಮಾರರೇ ತಮ್ಮ ಹಾಡು ಹಾಡತೊಡಗಿದರು. ಅಲ್ಲಿಯವರೆಗೆ ಪರದೆಯ ಮೇಲಿನ ಮುಖಕ್ಕೂ ಹಿಂದಿನ ದನಿಗೂ ನಡುವೆ ಬಿರುಕು ಇದೆಯೆಂದು ಯಾರಿಗೂ ಅನಿಸಿರಲಿಲ್ಲ. ಶ್ರೀನಿವಾಸರು ಎಂಟು ಭಾಷೆ ಬಲ್ಲವರು. ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕುಳಿತು, ಕಿಸೆ ತುಂಬ ಬಣ್ಣ ಬಣ್ಣದ ಪೆನ್ನುಗಳನ್ನು ಸಿಕ್ಕಿಸಿಕೊಂಡು ಪದ್ಯ ಬರೆಯುತ್ತಿದ್ದವರು. 2013ರಲ್ಲಿ ತೀರಿಕೊಂಡರು. ಜಾನಕಿಯವರು 2017ರ ಅಕ್ಟೋಬರಿನಲ್ಲಿ ತಮ್ಮ ವಿದಾಯದ ಕಚೇರಿಗೆ ಆರಿಸಿಕೊಂಡದ್ದು ಮೈಸೂರನ್ನು.

ಮಲಯಾಳದ ಮಾತೂ ಹಾಗೆಯೇ. 1965ರ 'ಚೆಮ್ಮೀನ್' ಬಂದಾಗ ನಮ್ಮ ಕಡಪ್ಪುರದವರು, ತುಳು ಮಾತಾಡುವ ಮೊಗವೀರರೂ ಕೂಡಿ, ಅದು ತಮ್ಮದೇ ಕಥೆ ಎಂದರು. ಸಂಗೀತ ಕೊಟ್ಟ ಸಲೀಲ್ ಚೌಧುರಿ ಬಂಗಾಳದವರು. ಕಡಲಿನ ದಂಡೆಯಲ್ಲಿ ವಿರಹಿಯ ಹಾಡು ಹಾಡಿದ ಮನ್ನಾ ಡೇ ಕೂಡ ಬಂಗಾಳದವರೇ. ಅದೇ ಸಲೀಲ್ ಚೌಧುರಿ 1977ರಲ್ಲಿ ಬಾಲು ಮಹೇಂದ್ರರ ಕನ್ನಡ 'ಕೋಕಿಲ'ಕ್ಕೂ ಸಂಗೀತ ಕೊಟ್ಟರು. ಕಲ್ಲಿಕೋಟೆಯ ಕಡೆಯಿಂದ ಬಂದ ರಾಗದ ನೆಂಟನೊಬ್ಬ ಹತ್ತು ಹನ್ನೆರಡು ವರ್ಷಗಳ ಬಳಿಕ ಬೆಂಗಳೂರಿನ ಕಡೆಯಿಂದ ಬಂದು ಕದ ತಟ್ಟಿದಂತಾಯಿತು ನಮಗೆ.

ಹಾಗೆಂದು ಮಣ್ಣಿನ ದನಿಗೆ ಬೆಲೆ ಇಲ್ಲವೆಂದಲ್ಲ. ಉಡುಪಿಯ ಹತ್ತಿರದ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಪುಸ್ತಕದಲ್ಲಿ ಮಲಗಿದ್ದ ಕವಿತೆಗಳನ್ನು ಎಬ್ಬಿಸಿ ಹಳ್ಳಿಯ ಜಾತ್ರೆಯವರೆಗೆ ನಡೆಸಿಕೊಂಡು ಬಂದರು. ಅವರ ತಟ್ಟೆಗಳು 78 ಸುತ್ತಿನವು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಮದುವೆಗೆ ಮೈಕ್ ಸೆಟ್ಟಿನವರು ಬಂದರೆ ಮೊದಲು ದೇವರ ಹಾಡು, ಎರಡನೆಯದು ಕಾಳಿಂಗರಾಯರದು ಎಂಬುದು ನಮ್ಮ ಕಡೆ ಬಹುಕಾಲ ನಡೆದುಬಂದ ಪದ್ಧತಿ.

ಕೊಲ್ಲಿಯಿಂದ ಬಂದ ಪೆಟ್ಟಿಗೆ

1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಆರಂಭವಾಯಿತು. ಅಂದಿನಿಂದ ಹಗಲಿನಲ್ಲೂ ಕನ್ನಡ ಗಟ್ಟಿಯಾಗಿ ಕೇಳಿಸಿತು, ಜೊತೆಗೆ ತುಳುವೂ. ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಬೇರೊಂದು ಪೆಟ್ಟಿಗೆ ಬಂತು. ದುಬಾಯಿ, ಕುವೈತುಗಳಿಂದ ರಜೆಯಲ್ಲಿ ಬಂದ ಹುಡುಗರ ಕೈಯಲ್ಲಿ ರೇಡಿಯೋವೂ ಟೇಪೂ ಒಂದೇ ಆದ 'ಟೂ ಇನ್ ವನ್'. 1978ರಲ್ಲಿ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು 'ನಿತ್ಯೋತ್ಸವ' ಎಂಬ ಕ್ಯಾಸೆಟ್ಟಾಗಿ ತಂದಾಗ ನಾನು ಅದನ್ನು ಕೇಳಿದ್ದು ನೆರೆಮನೆಯ ಬ್ಯಾರಿ ಸ್ನೇಹಿತನ ಈ ಪೆಟ್ಟಿಗೆಯಲ್ಲಿ. ಅವನೇ ತಂದ ಇನ್ನೊಂದು ಕ್ಯಾಸೆಟ್ ಬೋನಿ ಎಂ ಎಂಬ ಪಾಶ್ಚಾತ್ಯ ತಂಡದ್ದು. ಅದರಲ್ಲೊಂದು ಹಾಡಿಗೆ ನಮ್ಮ ಊರಿನ ಹುಡುಗರೆಲ್ಲ ಕಾಲು ಕುಣಿಸುತ್ತಿದ್ದರು. ಹೆಸರು 'ರಿವರ್ಸ್ ಆಫ್ ಬ್ಯಾಬಿಲಾನ್', 1978ರದು. ಅದರ ಕಥೆ ತಿಳಿದದ್ದು ಎಷ್ಟೋ ಕಾಲದ ಮೇಲೆ. 1970ರಲ್ಲಿ ಜಮೈಕಾದ ಮೆಲೋಡಿಯನ್ಸ್ ಎಂಬ ತಂಡ ಮೊದಲು ಹಾಡಿದ್ದಂತೆ. ವಸ್ತು ಬೈಬಲಿನ 137ನೇ ಕೀರ್ತನೆಯದು. ಸೆರೆಯಾಗಿ ಪರದೇಶಕ್ಕೆ ಹೋದ ಜನ ಅಲ್ಲಿನ ನದಿಯ ದಂಡೆಯಲ್ಲಿ ಕುಳಿತು, ನಮ್ಮ ಹಾಡನ್ನು ಪರರ ನೆಲದಲ್ಲಿ ಹೇಗೆ ಹಾಡಲಿ ಎಂದು ಅಳುವ ಹಾಡು ಅದು. ಕುಣಿಯುವ ತಾಳದೊಳಗೆ ಅಂಥ ಅಳು ಇತ್ತು.

ತಿಳಿದ ದಿನ ನಮ್ಮ ಹೊಳೆಯ ನೆನಪಾಯಿತು. ನಾವು ಎಲ್ಲಿಗೂ ಹೋದವರಲ್ಲ. 1956ರ ನವೆಂಬರ್ 1ರಂದು ಗಡಿಯೇ ಸರಿದು ಹೋಯಿತು, ನಾವು ಇದ್ದಲ್ಲೇ ಇದ್ದೇವೆ. ಇಲ್ಲಿ ಯಾರೂ ನಮ್ಮ ಹಾಡನ್ನು ಹಾಡಬೇಡಿ ಎಂದವರಿಲ್ಲ. ನೆರೆಯವರು ನಮ್ಮ ಜೊತೆಗೇ ಕುಳಿತು ಕೇಳಿದವರು. ಆದರೆ ಕೀರ್ತನೆಯ ಪ್ರಶ್ನೆ ಬೇರೊಂದು ರೂಪದಲ್ಲಿ ನಮ್ಮ ಮನೆಗಳಿಗೆ ಬಂದಿದೆ. ಹಾಡಲು ಅಡ್ಡಿಯಿಲ್ಲ, ಸರಿ. ಮುಂದೆ ಹಾಡುವವರು ಯಾರು?

ಮಲಯಾಳ ಲಿಪಿಯಲ್ಲಿ ಕನ್ನಡ ಹಾಡು

ನನ್ನ ಮೊಮ್ಮಗಳು ಕಲಿಯುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಎರಡನೆಯ ಭಾಷೆ ಮಲಯಾಳ. ಉದ್ಯೋಗದ ದೃಷ್ಟಿಯಿಂದ ಅವಳ ತಂದೆ ತಾಯಿ ಮಾಡಿದ ಆಯ್ಕೆ, ಅದನ್ನು ನಾನು ದೂರುವುದಿಲ್ಲ. ಅವಳಿಗೆ ಹಾಡಿನ ಹುಚ್ಚು. ದೊಡ್ಡಮ್ಮನ ಪ್ರೀತಿಯ ಆ ಜಾನಕಿಯ ಹಾಡನ್ನು ಮೊಬೈಲಿನಲ್ಲಿ ಹುಡುಕಿ ಕೇಳಿ, ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ತೆರೆದು ನೋಡಿದರೆ ಕನ್ನಡ ಹಾಡು ಪೂರ್ತಿ ಮಲಯಾಳ ಲಿಪಿಯಲ್ಲಿದೆ!

ಬೇಸರಿಸುವ ಮೊದಲು ಒಂದು ಮಾತು ನೆನಪಾಯಿತು. ಬೇರೆ ಭಾಷೆಯ ಹಾಡನ್ನು ತಮಗೆ ರೂಢಿಯಾದ ಲಿಪಿಯಲ್ಲಿ ಬರೆದಿಟ್ಟುಕೊಂಡು ಹಾಡುವುದು ಹಿನ್ನೆಲೆ ಗಾಯಕರ ಹಳೆಯ ಪದ್ಧತಿ. ಮದ್ರಾಸಿನ ಸ್ಟುಡಿಯೋಗಳಲ್ಲಿ ಎಷ್ಟೋ ಕನ್ನಡ ಹಾಡುಗಳು ಹಾಗೆಯೇ ಹುಟ್ಟಿವೆ. ಆದರೆ ಲಿಪಿ ಪೂರ್ತಿ ನಿರಪಾಯವಲ್ಲ. ಮಲಯಾಳದಲ್ಲಿ ಪದದ ಕೊನೆಯ 'ಉ'ಕಾರ ಹಲವೆಡೆ ಅರ್ಧದಲ್ಲೇ ನಿಲ್ಲುತ್ತದೆ, ನಮ್ಮ ತುಳುವಿನಲ್ಲೂ ಅಂಥ ಅರ್ಧ ಉಕಾರ ಉಂಟು. ಕನ್ನಡದಲ್ಲಿ ಅದು ತುಂಬಿ ಬರಬೇಕು. ಮಗು ಹಾಡುವಾಗ ಪ್ರತಿ ಸಾಲಿನ ಬಾಲವೂ ತುಂಡಾಗಿ ಕೇಳಿಸುತ್ತಿತ್ತು. ಹೇಳಿಕೊಟ್ಟರೆ, "ಅಜ್ಜಾ, ಅದನ್ನು ಬರೆಯುವುದು ಹೇಗೆ?" ಎಂದು ಕೇಳಿದಳು. ಕನ್ನಡ ಅಕ್ಷರ ಕಲಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ?

ಕಲಿಯುತ್ತ ಅವಳೇ ಒಂದು ಸಂಗತಿ ಕಂಡುಹಿಡಿದಳು. ಮಲಯಾಳದ ಪಾಲ್ ಕನ್ನಡದಲ್ಲಿ ಹಾಲು, ಪೂ ಹೂ, ಪಾಟ್ಟ್ ಹಾಡು. ವಾ ಎಂದರೆ ಬಾ, ವಿಲ್ಲ್ ಎಂದರೆ ಬಿಲ್ಲು, ವೇರ್ ಎಂದರೆ ಬೇರು. ಪಂಡಿತರು ಗ್ರಂಥಗಳಲ್ಲಿ ಬರೆದಿರುವ ಈ ಸಂಬಂಧ ಹತ್ತು ವರ್ಷದ ಹುಡುಗಿಗೆ ಹಾಡಿನ ದಾರಿಯಲ್ಲಿ ತಾನಾಗಿ ಸಿಕ್ಕಿತು. ಪರಭಾಷೆ ಎಂದುಕೊಂಡದ್ದು ಅಕ್ಕತಂಗಿಯರ ಮನೆ ಎಂದು ತಿಳಿದ ಮೇಲೆ ಅವಳ ಅಂಜಿಕೆ ಹೋಯಿತು.

ಹಾಡು ಒಂದರಿಂದಲೇ ಭಾಷೆ ಉಳಿಯುತ್ತದೆ ಎಂಬ ಭ್ರಮೆ ನನಗಿಲ್ಲ. ಅರ್ಥ ತಿಳಿಯದೆ ಹಾಡಿದ ಹಾಡು ಗಿಣಿಯ ಪಾಠವಷ್ಟೇ. ಆದರೆ ಹಾಡು ಕೇಳಿದ ಮಗು ಅರ್ಥ ಕೇಳುತ್ತದೆ, ಆಗ ಉತ್ತರ ಹೇಳಬಲ್ಲ ಒಬ್ಬರಾದರೂ ಮನೆಯಲ್ಲಿರಬೇಕು. ನಮ್ಮ ತಲೆಮಾರಿನವರು ಇನ್ನೂ ಇದ್ದೇವೆ. ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ನಿಮಗೆ ಬಾಯಿಪಾಠವಿರುವ ಹಳೆಯ ಹಾಡುಗಳನ್ನು, ಅದು ಸಿನೆಮಾದ್ದಾಗಲಿ, ಭಾವಗೀತೆಯಾಗಲಿ, ಯಕ್ಷಗಾನದ ಪದವಾಗಲಿ, ಸಂಜೆಯ ಹೊತ್ತು ಮಕ್ಕಳ ಎದುರು ಒಮ್ಮೆ ಬಾಯಿಬಿಟ್ಟು ಹಾಡಿರಿ. ಸ್ವರ ತಪ್ಪಿದರೂ ಚಿಂತೆಯಿಲ್ಲ. ಸರಿಯಾದ ಸ್ವರ ಮೊಬೈಲಿನಲ್ಲಿ ಸಿಗುತ್ತದೆ, ಅರ್ಥ ಹೇಳುವ ಅಜ್ಜ ಅಜ್ಜಿ ಅಲ್ಲಿ ಸಿಗುವುದಿಲ್ಲ.

ಮೊಮ್ಮಗಳ ನೋಟ್ ಪುಸ್ತಕದ ಎಡಪುಟಗಳಲ್ಲಿ ಮಲಯಾಳ ಲಿಪಿಯ 11 ಹಾಡುಗಳಿವೆ. ಎದುರಿನ ಬಲಪುಟಗಳನ್ನು ನಾವು ಖಾಲಿ ಬಿಟ್ಟಿದ್ದೆವು. ಕಳೆದ ಮಳೆಗಾಲದಿಂದ ಈಚೆಗೆ ಅವುಗಳಲ್ಲಿ ನಾಲ್ಕನ್ನು ಅವಳು ಕನ್ನಡ ಅಕ್ಷರದಲ್ಲಿ ತಾನೇ ಬರೆದು ತುಂಬಿಸಿದ್ದಾಳೆ.