ಎಳೆಯುವ ಮಾದರಿಯ ಹುಲ್ಲು ಕಟಾವು ಯಂತ್ರಕ್ಕೆ ಸೂಕ್ತ ಜೋಡಣೆ

ಟ್ರ್ಯಾಕ್ಟರ್ ಹಿಂದೆ ಎಳೆಯುವ ಹುಲ್ಲು ಕಟಾವು ಯಂತ್ರಕ್ಕೆ ಮುಖ್ಯವಾಗಿ ಎರಡು ಬಗೆಯ ಜೋಡಣೆಗಳಿವೆ. ಉದ್ದನೆಯ, ಸಮತಟ್ಟಾದ ತಾಕುಗಳಿಗೆ ಸರಳವಾದ ಡ್ರಾಬಾರ್ ಪಿನ್ ಜೋಡಣೆ ಸಾಕು. ಆದರೆ ಕಿರಿದಾದ ತಿರುವುಗಳಲ್ಲಿ ಪಿ.ಟಿ.ಓ. ಶಾಫ್ಟ್ ಹೆಚ್ಚು ಓರೆಯಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ. ಮೂಲೆಗಳು ಹೆಚ್ಚಿರುವ ತಾಕುಗಳಿಗೆ, ಕೆಳಗಿನ ಎರಡು ಲಿಂಕ್‌ಗಳಿಗೆ ಕೂಡಿಕೊಂಡು ಗೇರ್‌ಬಾಕ್ಸ್ ಸಹಿತ ತಿರುಗುವ ಜೋಡಣೆ ಸೂಕ್ತ. ಇದನ್ನು ಕೊಳ್ಳುವ ಮುನ್ನ ಲಿಂಕ್‌ನ ಕೆಟಗರಿ ತಮ್ಮ ಟ್ರ್ಯಾಕ್ಟರ್‌ಗೆ ಹೊಂದುವುದೇ ಎಂಬುದನ್ನು ರೈತರು ಪರೀಕ್ಷಿಸಬೇಕು.

ಡ್ರಾಬಾರ್ ಬಳಸುವಾಗ, 540 ಸುತ್ತಿನ ಪಿ.ಟಿ.ಓ. ತುದಿಯಿಂದ ಪಿನ್‌ವರೆಗೆ ಸಾಮಾನ್ಯವಾಗಿ 14 ಅಂಗುಲ ಅಂತರವಿರಬೇಕು. ಟಾಪ್ ಲಿಂಕ್‌ಗಾಗಲಿ ಆಕ್ಸಲ್‌ಗಾಗಲಿ ಯಂತ್ರವನ್ನು ಎಂದಿಗೂ ಕಟ್ಟಿ ಎಳೆಯಬಾರದು. ಎಳೆತದ ಬಿಂದು ಮೇಲಕ್ಕಿದ್ದರೆ ಟ್ರ್ಯಾಕ್ಟರ್‌ನ ಮುಂಭಾಗ ಎದ್ದು ಹಿಂದಕ್ಕೆ ಮಗುಚಿ ಚಾಲಕನ ಪ್ರಾಣಕ್ಕೇ ಅಪಾಯವಾಗಬಹುದು. ಪಿನ್‌ಗೆ ತಪ್ಪದೆ ಲಾಕ್ ಹಾಕಿ. ಶಾಫ್ಟ್ ಜೋಡಿಸುವ ಮುನ್ನ ಇಂಜಿನ್ ನಿಲ್ಲಿಸಿ.